ರಹಮತುಲ್ಲಾ ಕೈರಾನವಿ

ಮೌಲಾನಾ ರಹಮತುಲ್ಲಾ ಕೈರಾನವಿ (1818–1891) ಹತ್ತೊಂಬತ್ತನೆಯ ಶತಮಾನದ ಭಾರತೀಯ ಮುಸ್ಲಿಂ ವಿದ್ವಾಂಸರು. ಕುರ್‌ಆನ್ ಮತ್ತು ಬೈಬಲ್‌ಗಳ ಪರಸ್ಪರ ಸಂಬಂಧವನ್ನು ಕುರಿತು 1854ರಲ್ಲಿ ಆಗ್ರಾದಲ್ಲಿ ಜರ್ಮನ್ ಪಾದ್ರಿ ಕಾರ್ಲ್ ಗಾಟ್‌ಲೀಬ್ ಫಾಂಡರ್ ಅವರೊಡನೆ ನಡೆಸಿದ ಬಹಿರಂಗ ವಾದದಿಂದಲೂ, ಅದೇ ವಿಷಯವಾಗಿ ಅರಬ್ಬಿ ಭಾಷೆಯಲ್ಲಿ ರಚಿಸಿದ 'ಇಝ್‌ಹಾರುಲ್ ಹಕ್' (ಸತ್ಯದ ಪ್ರಕಟಣೆ) ಎಂಬ ಗ್ರಂಥದಿಂದಲೂ ಅವರು ಪ್ರಸಿದ್ಧರಾಗಿದ್ದಾರೆ. ಮೆಕ್ಕಾದ ಸೌಲತಿಯ್ಯಾ ಮದರಸಾದ ಸ್ಥಾಪಕರೂ ಅವರೇ.

ಹುಟ್ಟು ಮತ್ತು ಶಿಕ್ಷಣ

ಇಂದಿನ ಉತ್ತರ ಪ್ರದೇಶದ ಶಾಮ್ಲಿ ಜಿಲ್ಲೆಯಲ್ಲಿರುವ ಕೈರಾನಾ ಅವರ ಹುಟ್ಟೂರು. ಕೈರಾನವಿ ಎಂಬ ಹೆಸರು ಬಂದದ್ದು ಈ ಊರಿನಿಂದ. ಮೂರನೆಯ ಖಲೀಫ ಉಸ್ಮಾನರ ವಂಶದವರೆಂದು ಹೇಳಿಕೊಳ್ಳುತ್ತಿದ್ದ ವಿದ್ಯಾವಂತ ಕುಟುಂಬ ಅವರದು. ದೆಹಲಿ ಮತ್ತು ಲಕ್ನೋಗಳಲ್ಲಿ ಸಾಂಪ್ರದಾಯಿಕ ಶಿಕ್ಷಣ ಮುಗಿಸಿ, ಹುಟ್ಟೂರಿನಲ್ಲಿ ಪಾಠ ಹೇಳತೊಡಗಿದರು. ಉತ್ತರ ಭಾರತದಲ್ಲಿ ಮಿಷನರಿಗಳ ಪ್ರಚಾರ ಬಿರುಸಾಗುತ್ತಿದ್ದಂತೆ ಅವರ ಗಮನ ಕ್ರೈಸ್ತ ಧರ್ಮಗ್ರಂಥಗಳ ಕಡೆಗೆ ಹರಿಯಿತು.

ವಿವಾದದ ಹಿನ್ನೆಲೆ

ತೌರಾತ್, ಝಬೂರ್ ಮತ್ತು ಇಂಜೀಲ್‌ಗಳು ಕ್ರಮವಾಗಿ ಮೂಸಾ, ದಾವೂದ್ ಮತ್ತು ಈಸಾ ಪ್ರವಾದಿಗಳಿಗೆ ದೇವರು ದಯಪಾಲಿಸಿದ ಗ್ರಂಥಗಳೆಂದು ಮುಸ್ಲಿಮರು ನಂಬುತ್ತಾರೆ. ಕುರ್‌ಆನ್ ಅವುಗಳನ್ನು ಗೌರವದಿಂದ ಸ್ಮರಿಸುತ್ತದೆ. ಅದೇ ವೇಳೆ, ಗ್ರಂಥ ಪಡೆದವರಲ್ಲಿ ಕೆಲವರು ಅದರ ಮಾತುಗಳನ್ನು ತಿರುಚಿದರೆಂದೂ ಹೇಳುತ್ತದೆ. ಈ ತಿರುಚುವಿಕೆಗೆ ತಹ್ರೀಫ್ ಎಂದು ಹೆಸರು. ತಿರುಚಿದ್ದು ಅರ್ಥವನ್ನೋ ಪಠ್ಯವನ್ನೋ ಎಂಬ ವಿಷಯದಲ್ಲಿ ಉಲೇಮಾಗಳಲ್ಲಿ ಹಿಂದಿನಿಂದಲೂ ಒಮ್ಮತವಿರಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಸ್ಪೇನಿನ ಇಬ್ನ್ ಹಝ್ಮ್ ಪಠ್ಯವೇ ಕೆಟ್ಟಿದೆಯೆಂದು ವಾದಿಸಿದ್ದರು.

ಫಾಂಡರ್ ಹಿಡಿದದ್ದು ಇದೇ ಎಳೆಯನ್ನು. ಅವರು ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದವರು. 1834ರಲ್ಲಿ ಮಂಗಳೂರಿಗೆ ಬಂದು ಮುಂದೆ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ್ದೂ ಇದೇ ಸಂಸ್ಥೆ. ಕಾಕಸಸ್ ಪ್ರದೇಶದ ಶೂಶಾದಲ್ಲಿ ಕೆಲಸ ಮಾಡುತ್ತಿದ್ದಾಗ ಅವರು 'ಮೀಝಾನುಲ್ ಹಕ್' (ಸತ್ಯದ ತಕ್ಕಡಿ) ಎಂಬ ಗ್ರಂಥವನ್ನು ಬರೆದರು. ರಷ್ಯಾ ಸರ್ಕಾರ ಅಲ್ಲಿನ ಮಿಷನ್ನನ್ನು ಮುಚ್ಚಿಸಿದ ಬಳಿಕ ಭಾರತಕ್ಕೆ ಬಂದು, ಚರ್ಚ್ ಮಿಷನರಿ ಸೊಸೈಟಿಯ ಪರವಾಗಿ ಆಗ್ರಾದಲ್ಲಿ ನೆಲೆಸಿದರು. ಅವರ ತರ್ಕ ಸರಳವಾಗಿತ್ತು, ಆದರೆ ಬಲವಾಗಿತ್ತು. ಕುರ್‌ಆನ್ ತನ್ನ ಹಿಂದಿನ ಗ್ರಂಥಗಳನ್ನು ಪ್ರಮಾಣವೆಂದು ಒಪ್ಪುವುದರಿಂದ ಏಳನೆಯ ಶತಮಾನದಲ್ಲಿ ಅವು ಶುದ್ಧವಾಗಿದ್ದಿರಬೇಕು. ಅದಕ್ಕೂ ಹಳೆಯ ಬೈಬಲ್ ಹಸ್ತಪ್ರತಿಗಳು ಇಂದಿಗೂ ಉಳಿದಿದ್ದು ಈಗಿನ ಬೈಬಲ್‌ಗೆ ಹೊಂದುತ್ತವೆ. ಆದ್ದರಿಂದ ಮುಸ್ಲಿಮರು ಬೈಬಲನ್ನು ತಳ್ಳಿಹಾಕುವಂತಿಲ್ಲ. ಕುರ್‌ಆನನ್ನಷ್ಟೇ ಉದ್ಧರಿಸಿ ಇದಕ್ಕೆ ಉತ್ತರ ಕೊಡುವುದು ಸುಲಭವಿರಲಿಲ್ಲ.

ಕೈರಾನವಿಯವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದವರು ಆಗ್ರಾದಲ್ಲಿ ಸರ್ಕಾರಿ ವೈದ್ಯರಾಗಿದ್ದ ಡಾ. ಮುಹಮ್ಮದ್ ವಝೀರ್ ಖಾನ್. ಇಂಗ್ಲೆಂಡಿಗೆ ಹೋಗಿ ಬಂದಿದ್ದ ಅವರ ಬಳಿ ಬೈಬಲ್ ಪಠ್ಯವನ್ನು ಕುರಿತ ಯುರೋಪಿನ ಗ್ರಂಥಗಳ ಸಂಗ್ರಹವಿತ್ತು. ಹಾರ್ನ್, ಲಾರ್ಡ್ನರ್ ಮೊದಲಾದ ಕ್ರೈಸ್ತ ವಿದ್ವಾಂಸರು ಪಾಠಾಂತರ, ಪ್ರಕ್ಷೇಪ ಮತ್ತು ಲಿಪಿಕಾರರ ದೋಷಗಳ ಬಗ್ಗೆ ಬರೆದದ್ದನ್ನು ಇಬ್ಬರೂ ಕೂಡಿ ಪರಿಶೀಲಿಸಿದರು. ಪಾದ್ರಿಯ ಮುಂದೆ ಪಾದ್ರಿಯ ಪಾಳೆಯದ ಸಾಕ್ಷಿಯನ್ನೇ ನಿಲ್ಲಿಸುವ ಈ ಕ್ರಮವೇ ಕೈರಾನವಿಯವರ ಹೊಸತನ.

ಆಗ್ರಾ ವಾದ

ಪತ್ರವ್ಯವಹಾರದ ಮೂಲಕ ನಿಯಮಗಳು ಗೊತ್ತಾದ ಮೇಲೆ 1854ರ ಏಪ್ರಿಲ್ 10 ಮತ್ತು 11ರಂದು ವಾದ ನಡೆಯಿತು. ಒಂದು ಕಡೆ ಕೈರಾನವಿ ಮತ್ತು ವಝೀರ್ ಖಾನ್, ಇನ್ನೊಂದು ಕಡೆ ಫಾಂಡರ್ ಮತ್ತು ಅವರ ಸಹಾಯಕ ಥಾಮಸ್ ವ್ಯಾಲ್ಪಿ ಫ್ರೆಂಚ್. ಸಭೆಯಲ್ಲಿ ಬ್ರಿಟಿಷ್ ಅಧಿಕಾರಿಗಳೂ ನಗರದ ಗಣ್ಯರೂ ಇದ್ದರು; ಎರಡನೆಯ ದಿನ ಜನ ಇನ್ನಷ್ಟು ಹೆಚ್ಚಿದರು. ನಸ್ಖ್ (ಹಿಂದಿನ ಆಜ್ಞೆಗಳ ರದ್ದತಿ), ತಹ್ರೀಫ್, ತ್ರಿತ್ವ, ಪ್ರವಾದಿ ಮುಹಮ್ಮದರ ಪ್ರವಾದಿತ್ವ ಮೊದಲಾದ ವಿಷಯಗಳು ಪಟ್ಟಿಯಲ್ಲಿದ್ದರೂ ಚರ್ಚೆ ಮೊದಲಿನ ಎರಡನ್ನು ದಾಟಲಿಲ್ಲ.

ನಿರ್ಣಾಯಕವಾದದ್ದು ತಹ್ರೀಫ್. ತ್ರಿತ್ವಕ್ಕೆ ಆಧಾರವಾಗಿ ತೋರಿಸಲಾಗುತ್ತಿದ್ದ, ಯೋಹಾನನ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯದಲ್ಲಿನ ಮಾತು ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ. ಅದು ನಂತರ ಸೇರಿದ್ದೆಂದು ಯುರೋಪಿನ ಗ್ರಂಥಸಂಪಾದಕರೇ ತೀರ್ಮಾನಿಸಿದ್ದರು. ಇಂಥ ಕೆಲವು ಕಡೆ ಪಠ್ಯ ವ್ಯತ್ಯಾಸವಾಗಿದೆಯೆಂಬುದನ್ನು ಫಾಂಡರ್ ಒಪ್ಪಿಕೊಂಡರು. ಆದರೆ ಅವು ನಕಲುಗಾರರ ತಪ್ಪುಗಳೇ ಹೊರತು ಮೂಲ ಬೋಧನೆಗೆ ಧಕ್ಕೆ ತರುವಂಥವಲ್ಲ ಎಂಬುದು ಅವರ ನಿಲುವು. ಒಂದು ಕಡೆ ಸಂದೇಹ ಹುಟ್ಟಿದರೂ ಇಡೀ ಗ್ರಂಥ ದೋಷರಹಿತ ಪ್ರಮಾಣವಾಗಿ ನಿಲ್ಲಲಾರದು ಎಂಬುದು ಕೈರಾನವಿಯವರ ನಿಲುವು. ಇಬ್ಬರಿಗೂ ಒಪ್ಪಿಗೆಯಾಗುವ ಅಳತೆಗೋಲು ಸಿಗದೆ ಸಭೆ ಮುರಿದುಬಿತ್ತು. ಫಾಂಡರ್ ಯುರೋಪನ್ನು ಬಿಟ್ಟು ಬಂದದ್ದು 1820ರ ದಶಕದಲ್ಲಿ. ಆ ಬಳಿಕ ಜರ್ಮನಿಯಲ್ಲಿ ಬೆಳೆದ ಬೈಬಲ್ ವಿಮರ್ಶೆ ಆಗ್ರಾದ ಮೌಲಾನಾ ಒಬ್ಬರ ಕೈಗೆ ಸಿಕ್ಕಿರಬಹುದೆಂದು ಅವರು ನಿರೀಕ್ಷಿಸಿರಲಿಲ್ಲ.

ಎರಡೂ ಪಕ್ಷಗಳು ತಮ್ಮ ತಮ್ಮ ವರದಿಗಳನ್ನು ಪ್ರಕಟಿಸಿದವು. ಮುಸ್ಲಿಂ ಸಮಾಜ ಇದನ್ನು ಕೈರಾನವಿಯವರ ಗೆಲುವೆಂದು ಕಂಡಿತು. ಆದರೂ ಆ ಕಾಲದಲ್ಲಿ ಆಗ್ರಾದ ವಾಗ್ವಾದಗಳನ್ನು ಹತ್ತಿರದಿಂದ ಬಲ್ಲ ಸಫ್ದರ್ ಅಲಿ ಮತ್ತು ಇಮಾದುದ್ದೀನ್ ಎಂಬ ಇಬ್ಬರು ವಿದ್ವಾಂಸರು 1860ರ ದಶಕದಲ್ಲಿ ಕ್ರೈಸ್ತಧರ್ಮವನ್ನು ಸ್ವೀಕರಿಸಿದರು.

1857 ಮತ್ತು ದೇಶತ್ಯಾಗ

1857ರ ಬಂಡಾಯದಲ್ಲಿ ಕೈರಾನವಿ ಬ್ರಿಟಿಷರ ವಿರುದ್ಧ ನಿಂತರು. ಬಂಡಾಯ ಅಡಗಿದ ಮೇಲೆ ಸರ್ಕಾರ ಅವರನ್ನು ಹಿಡಿದುಕೊಟ್ಟವರಿಗೆ ಬಹುಮಾನ ಘೋಷಿಸಿತು. ಅವರ ಆಸ್ತಿಯನ್ನು ಮುಟ್ಟುಗೋಲು ಹಾಕಿ ಹರಾಜು ಮಾಡಿತು. ತಲೆಮರೆಸಿಕೊಂಡು ಸೂರತ್ ತಲುಪಿದ ಅವರು ಅಲ್ಲಿಂದ ಹಡಗು ಹತ್ತಿ ಮೆಕ್ಕಾ ಸೇರಿದರು. ವಝೀರ್ ಖಾನ್ ಅವರ ದಾರಿಯೂ ಕೊನೆಗೆ ಮೆಕ್ಕಾಕ್ಕೇ ಮುಟ್ಟಿತು.

ಇಝ್‌ಹಾರುಲ್ ಹಕ್

ಮೆಕ್ಕಾದ ಪ್ರಮುಖ ವಿದ್ವಾಂಸ ಅಹ್ಮದ್ ಝೈನಿ ದಹ್ಲಾನ್ ಅವರು ಆಗ್ರಾ ವಾದದ ಸಾರವನ್ನು ಅರಬ್ಬಿಯಲ್ಲಿ ಬರೆಯುವಂತೆ ಕೈರಾನವಿಯವರನ್ನು ಒತ್ತಾಯಿಸಿದರು. ಅಷ್ಟರಲ್ಲಿ, 1858ರಿಂದ ಫಾಂಡರ್ ತುರ್ಕಿಯ ರಾಜಧಾನಿಯಲ್ಲಿ ಪ್ರಚಾರ ನಡೆಸುತ್ತಿದ್ದರು. ಸುಲ್ತಾನ್ ಅಬ್ದುಲ್ ಅಝೀಝ್ ಅವರ ಕರೆಯ ಮೇರೆಗೆ ಇಸ್ತಾಂಬುಲ್‌ಗೆ ಹೋದ ಕೈರಾನವಿ 1864ರಲ್ಲಿ ಗ್ರಂಥವನ್ನು ಪೂರ್ಣಗೊಳಿಸಿದರು. ಅಲ್ಲಿ ಇಬ್ಬರ ನಡುವೆ ಎರಡನೆಯ ವಾದವೇನೂ ನಡೆಯಲಿಲ್ಲ. ಫಾಂಡರ್ 1865ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು.

ಆರು ಅಧ್ಯಾಯಗಳ ಈ ಗ್ರಂಥದ ಬಹುಭಾಗ ಬೈಬಲ್ಲಿನ ಪುಸ್ತಕಗಳ ಕರ್ತೃತ್ವ, ಅವುಗಳೊಳಗಿನ ವೈರುಧ್ಯ ಮತ್ತು ಪಠ್ಯವ್ಯತ್ಯಾಸಗಳಿಗೆ ಮೀಸಲು. ನಸ್ಖ್, ತ್ರಿತ್ವದ ಖಂಡನೆ, ಕುರ್‌ಆನಿನ ದೈವಿಕತೆ ಮತ್ತು ಮುಹಮ್ಮದರ ಪ್ರವಾದಿತ್ವ ಉಳಿದ ವಿಷಯಗಳು. ಈಗಿನ ನಾಲ್ಕು ಸುವಾರ್ತೆಗಳು ಈಸಾರಿಗೆ ಅವತರಿಸಿದ ಇಂಜೀಲ್ ಅಲ್ಲ, ಅವರ ನಂತರ ಬೇರೆಯವರು ಬರೆದ ವೃತ್ತಾಂತಗಳು ಎಂಬುದು ಗ್ರಂಥದ ತಿರುಳು. ಫಾಂಡರ್ ಅವರ ಹಸ್ತಪ್ರತಿಗಳ ವಾದಕ್ಕೆ ಇದೇ ಉತ್ತರ: ವ್ಯತ್ಯಾಸವಾದದ್ದು ಕುರ್‌ಆನಿಗೂ ಬಹಳ ಹಿಂದೆ ಎಂದ ಮೇಲೆ ಹಳೆಯ ಪ್ರತಿಗಳು ಅದನ್ನು ಅಲ್ಲಗಳೆಯಲಾರವು. ಗ್ರಂಥದ ಮಿತಿಯೂ ಗಮನಾರ್ಹ. ಬೈಬಲ್ಲಿಗೆ ಹಚ್ಚಿದ ಐತಿಹಾಸಿಕ ವಿಮರ್ಶೆಯ ಒರೆಗಲ್ಲನ್ನು ಲೇಖಕರು ಕುರ್‌ಆನಿಗೆ ಹಚ್ಚಲಿಲ್ಲ. ಭಕ್ತ ಕ್ರೈಸ್ತ ವಿದ್ವಾಂಸರು ತಮ್ಮ ಗ್ರಂಥದ ರಕ್ಷಣೆಗಾಗಿಯೇ ಬರೆದ ಮಾತುಗಳನ್ನು ಅದರ ಖಂಡನೆಗೆ ಬಳಸಿಕೊಂಡದ್ದೂ ಉಂಟು.

ಕೊನೆಯ ವರ್ಷಗಳು

ಹಜ್ ಯಾತ್ರೆಗೆ ಬಂದಿದ್ದ ಕಲ್ಕತ್ತೆಯ ಸೌಲತುನ್ನೀಸಾ ಬೇಗಂ ಎಂಬವರ ದಾನದಿಂದ 1870ರ ದಶಕದಲ್ಲಿ ಅವರು ಮೆಕ್ಕಾದಲ್ಲಿ ಮದರಸಾ ಕಟ್ಟಿಸಿ, ದಾನಿಯ ಹೆಸರನ್ನೇ ಅದಕ್ಕಿಟ್ಟರು. ಭಾರತಕ್ಕೆ ಅವರು ಮರಳಿ ಬರಲಿಲ್ಲ. 1891ರಲ್ಲಿ ನಿಧನರಾದ ಅವರನ್ನು ಮೆಕ್ಕಾದ ಜನ್ನತುಲ್ ಮುಅಲ್ಲಾ ಸ್ಮಶಾನದಲ್ಲಿ ದಫನ ಮಾಡಲಾಯಿತು.

ಪ್ರಭಾವ

ಕೈರಾನವಿಯವರ ದಾರಿಯೊಂದೇ ಆ ಕಾಲದ ಮುಸ್ಲಿಂ ಉತ್ತರವಾಗಿರಲಿಲ್ಲ. ಸರ್ ಸಯ್ಯದ್ ಅಹ್ಮದ್ ಖಾನ್ 1862ರಲ್ಲಿ ಪ್ರಕಟಿಸತೊಡಗಿದ 'ತಬಯೀನುಲ್ ಕಲಾಮ್' ಎಂಬ ಬೈಬಲ್ ವ್ಯಾಖ್ಯಾನದಲ್ಲಿ, ತಹ್ರೀಫ್ ಎಂದರೆ ಮುಖ್ಯವಾಗಿ ಅರ್ಥದ ಅಪವ್ಯಾಖ್ಯಾನವೆಂದು ವಿವರಿಸಿ ಎರಡೂ ಗ್ರಂಥಗಳ ನಡುವೆ ಸಾಮರಸ್ಯ ಹುಡುಕಿದರು. ಆದರೆ ಹೆಚ್ಚು ದೂರ ಹರಡಿದ್ದು ಇಝ್‌ಹಾರುಲ್ ಹಕ್. ತುರ್ಕಿ, ಫ್ರೆಂಚ್, ಇಂಗ್ಲಿಷ್, ಗುಜರಾತಿ ಮತ್ತು ಉರ್ದು ಭಾಷೆಗಳಿಗೆ ಅದು ಅನುವಾದಗೊಂಡಿದೆ. ಗುಜರಾತಿನಲ್ಲಿ ಹುಟ್ಟಿ ದಕ್ಷಿಣ ಆಫ್ರಿಕಾದಲ್ಲಿ ಬೆಳೆದ ಅಹ್ಮದ್ ದೀದಾತ್, ಯುವಕರಾಗಿ ನೇಟಾಲ್‌ನ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಈ ಗ್ರಂಥವನ್ನು ಓದಿ ಕ್ರೈಸ್ತ ಪ್ರಚಾರಕರೊಡನೆ ವಾದಕ್ಕೆ ಇಳಿದರು.