ಹೋಗಬಹುದಿತ್ತು, ಹೋಗಲಿಲ್ಲ

ಪೋಲೆಂಡಿನ ವಾರ್ಸಾ ನಗರದಲ್ಲಿ ಹೆನ್ರಿಕ್ ಗೋಲ್ಡ್‌ಶ್ಮಿಟ್ ಎಂಬ ಮಕ್ಕಳ ವೈದ್ಯರಿದ್ದರು. ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ಬರವಣಿಗೆಗಾಗಿ ಇಟ್ಟುಕೊಂಡ ಯಾನುಷ್ ಕೊರ್ಚಾಕ್ ಎಂಬ ಹೆಸರಿನಿಂದಲೇ ಜಗತ್ತು ಅವರನ್ನು ಗುರುತಿಸುತ್ತದೆ. ಕೈಯಲ್ಲಿ ವೈದ್ಯ ವೃತ್ತಿಯಿತ್ತು, ಲೇಖಕರಾಗಿ ಹೆಸರೂ ಇತ್ತು. ಆದರೂ 1912ರಲ್ಲಿ ಅವರು ಅನಾಥ ಯಹೂದಿ ಮಕ್ಕಳ ಆಶ್ರಮದ ಹೊಣೆ ಹೊತ್ತರು. ಮದುವೆಯಾಗಲಿಲ್ಲ. ಆ ಮಕ್ಕಳೇ ಅವರ ಸಂಸಾರವಾದರು. ಸ್ಟೆಫಾನಿಯಾ ವಿಲ್ಚಿನ್ಸ್ಕಾ ಎಂಬ ಶಿಕ್ಷಕಿ ಈ ಕೆಲಸಕ್ಕೆ ಹೆಗಲು ಕೊಟ್ಟರು.

ಮಗು ಮುಂದೆ ದೊಡ್ಡ ಮನುಷ್ಯ ಆಗುತ್ತದೆ ಎಂದು ನಾವು ಹೇಳುತ್ತೇವೆ. ಮಗು ಈಗಲೇ ಪೂರ್ಣ ಮನುಷ್ಯ ಎಂಬುದು ಕೊರ್ಚಾಕ್ ಅವರ ನಂಬಿಕೆ. ಅದನ್ನು ಅವರು ಆಶ್ರಮದ ದಿನಚರಿಯಲ್ಲೇ ಜಾರಿಗೆ ತಂದರು. ಅಲ್ಲಿ ಮಕ್ಕಳದೇ ನ್ಯಾಯಾಲಯವಿತ್ತು, ಮಕ್ಕಳೇ ನ್ಯಾಯಾಧೀಶರು. ಅದರ ಕಾನೂನಿನಲ್ಲಿ ಕ್ಷಮಿಸುವ ಕಲಮುಗಳೇ ಹೆಚ್ಚು. ದೊಡ್ಡವರಿಗೂ ಅಲ್ಲಿ ವಿನಾಯಿತಿ ಇರಲಿಲ್ಲ. ಒಬ್ಬ ಹುಡುಗನಿಗೆ ಹೊಡೆದದ್ದಕ್ಕೆ, ಒಬ್ಬ ಹುಡುಗಿಯನ್ನು ಕಳ್ಳಿ ಎಂದು ಶಂಕಿಸಿದ್ದಕ್ಕೆ ಕೊರ್ಚಾಕ್ ತಮ್ಮ ಮೇಲೆ ತಾವೇ ದೂರು ಕೊಟ್ಟುಕೊಂಡು ತೀರ್ಪಿಗೆ ತಲೆಬಾಗಿದರು. 1926ರಲ್ಲಿ ಮಕ್ಕಳೇ ಬರೆಯುವ ಪತ್ರಿಕೆಯೊಂದನ್ನೂ ಶುರು ಮಾಡಿದರು.

1939ರಲ್ಲಿ ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿತು. ಮರು ವರ್ಷ ವಾರ್ಸಾದ ಯಹೂದಿಗಳನ್ನು ಗೋಡೆ ಕಟ್ಟಿದ ಘೆಟ್ಟೊದೊಳಗೆ ತುಂಬಲಾಯಿತು. ಆಶ್ರಮವೂ ಅದರೊಳಗೆ ಸೇರಿತು. ಅರವತ್ತು ದಾಟಿದ್ದ ಕೊರ್ಚಾಕ್ ಮಕ್ಕಳ ಊಟಕ್ಕಾಗಿ ಮನೆ ಮನೆ ಅಲೆದು ಬೇಡಿದರು. 1942ರ ಜುಲೈನಲ್ಲಿ ಆಶ್ರಮದ ಮಕ್ಕಳು ರವೀಂದ್ರನಾಥ ಟ್ಯಾಗೋರರ 'ಅಂಚೆ ಮನೆ' ನಾಟಕ ಆಡಿದರು. ಕಾಯಿಲೆಯಿಂದ ಹೊರಗೆ ಹೋಗಲಾಗದ ಬಾಲಕ ಅಮಲ್ ಕಿಟಕಿಯಿಂದಲೇ ಜಗತ್ತನ್ನು ನೋಡುವ ಕಥೆ ಅದು. ಗೋಡೆಯೊಳಗಿದ್ದ ಮಕ್ಕಳಿಗೆ ಅದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ.

ಕೆಲವೇ ದಿನಗಳಲ್ಲಿ, ಆಗಸ್ಟ್ ಆರಂಭದಲ್ಲಿ, ನಾಜಿಗಳು ಆಶ್ರಮವನ್ನು ಸುತ್ತುವರಿದರು. ಕೊರ್ಚಾಕ್ ಅವರನ್ನು ಘೆಟ್ಟೊದಿಂದ ಪಾರು ಮಾಡಿ ಬಚ್ಚಿಡಲು ಗೆಳೆಯರು ಅದಕ್ಕೂ ಮೊದಲೇ ಹಲವು ಸಲ ಮುಂದೆ ಬಂದಿದ್ದರು. ಅವರು ಒಪ್ಪಿರಲಿಲ್ಲ. ಸುಮಾರು 200 ಮಕ್ಕಳು ಸಾಲಾಗಿ ರೈಲಿನತ್ತ ನಡೆದರು. ಕೊರ್ಚಾಕ್ ಮತ್ತು ಸ್ಟೆಫಾನಿಯಾ ಜೊತೆಯಲ್ಲೇ ನಡೆದರು. ಆ ರೈಲು ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಹೋಯಿತು. ಅವರಾರೂ ಹಿಂತಿರುಗಲಿಲ್ಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಅವರು ಜೊತೆಗೆ ಹೋದದ್ದರಿಂದ ಒಂದು ಮಗುವೂ ಬದುಕಲಿಲ್ಲ. ಉಳಿದಿದ್ದರೆ ಯುದ್ಧದ ನಂತರ ನೂರಾರು ಅನಾಥರಿಗೆ ಆಸರೆಯಾಗುತ್ತಿದ್ದರಲ್ಲವೇ? ಲೆಕ್ಕ ಹಾಕಿದರೆ ಈ ವಾದ ಸರಿ ಎನಿಸಬಹುದು. ಆದರೆ ಆ ಮಕ್ಕಳ ಬದುಕಿಗೆ ಬೆಲೆಯೇ ಇಲ್ಲ ಎಂದು ನಾಜಿಗಳು ತೀರ್ಮಾನಿಸಿದ್ದರು. ನಾಳೆ ಸಿಗುವ ಮಕ್ಕಳಿಗಾಗಿ ಇವತ್ತಿನ ಮಕ್ಕಳ ಕೈ ಬಿಟ್ಟಿದ್ದರೆ ಕೊರ್ಚಾಕ್ ಕೂಡ ಆ ತೀರ್ಮಾನವನ್ನು ಸ್ವಲ್ಪಮಟ್ಟಿಗೆ ಒಪ್ಪಿದಂತಾಗುತ್ತಿತ್ತು. ಭಯದ ಆ ಗಳಿಗೆಯಲ್ಲಿ ಮಕ್ಕಳಿಗೆ ಬೇಕಿದ್ದುದು ಪರಿಚಿತ ಕೈಯೊಂದೇ. ಅದು ಅವರಿಗೆ ಸಿಕ್ಕಿತು.

ಎಲ್ಲ ಸ್ವಾತಂತ್ರ್ಯ ಕಿತ್ತುಕೊಂಡ ಮೇಲೂ ಯಾರ ಪಕ್ಕದಲ್ಲಿ ನಿಲ್ಲಬೇಕು ಎಂಬ ಆಯ್ಕೆ ಅವರದ್ದೇ ಆಗಿತ್ತು. ಅದನ್ನು ಅವರು ಆ ಬೆಳಿಗ್ಗೆ ಹೊಸದಾಗಿ ಮಾಡಬೇಕಾಗಿರಲಿಲ್ಲ. ಮೂವತ್ತು ವರ್ಷಗಳಿಂದ ದಿನವೂ ಮಾಡುತ್ತಲೇ ಬಂದಿದ್ದರು. ಪರೀಕ್ಷೆಯ ದಿನ ಬಂದಾಗ ಧೈರ್ಯ ತಾನಾಗಿ ಬರುತ್ತದೆ ಎಂದುಕೊಳ್ಳುವ ನಮ್ಮಂಥ ಯುವಜನರು ಯೋಚಿಸಬೇಕಾದ ಮಾತಿದು.