ಶಿವಶರಣೆ ಅಕ್ಕನಾಗಲಾಂಬಿಕೆಯವರ ಚರಿತ್ರೆ

ಬಸವೇಶ್ವರರ ಚರಿತ್ರೆಯನ್ನು ಬಲ್ಲವರೆಲ್ಲರೂ ಅವರ ಅಕ್ಕಂದಿರಾದ ನಾಗಲಾಂಬಿಕೆಯವರ ಹೆಸರನ್ನು ಕೇಳಿಯೇ ಇರುವರು. ಆದರೆ ಬಸವಣ್ಣನವರ ಅಕ್ಕನೆಂದೂ ಚನ್ನಬಸವಣ್ಣನವರ ತಾಯಿಯೆಂದೂ ಹೇಳಿ ಮುಂದಕ್ಕೆ ಸಾಗುವುದು ವಾಡಿಕೆಯಾಗಿರುವುದಲ್ಲದೆ, ಆ ಮಹಾತಾಯಿಯ ಬಾಳನ್ನೇ ಕುರಿತು ಯೋಚಿಸುವವರು ವಿರಳ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಶಿಷ್ಯವರ್ಗದಲ್ಲಿ ವಿದ್ಯಾಭ್ಯಾಸ ಮಾಡುತ್ತಿರುವ ಹುಡುಗ ಹುಡುಗಿಯರು ಬಹುಮಂದಿ ಇರುವುದರಿಂದಲೂ, ಈ ಚರಿತ್ರೆಯು ಎಳೆಯರಿಂದಲೇ ಆರಂಭವಾಗುವುದರಿಂದಲೂ, ಇದನ್ನು ಈ ಮಹೋತ್ಸವದ ಸಂಪುಟದಲ್ಲಿ ಬರೆಯುವುದು ಉಚಿತವೆಂದು ತೋರಿತು.

12ನೆಯ ಶತಮಾನದ ಪೂರ್ವಾರ್ಧದಲ್ಲಿ, ಈಗ ವಿಜಯಪುರ ಜಿಲ್ಲೆಗೆ ಸೇರಿರುವ ಬಾಗೇವಾಡಿಯ ಅಗ್ರಹಾರದಲ್ಲಿ ಮಾದರಸ ಮಾದಲಾಂಬಿಕೆಯರೆಂಬ ಶೈವ ಬ್ರಾಹ್ಮಣ ದಂಪತಿಗಳಿದ್ದರು. ನಾಗಮ್ಮನವರು ಇವರ ಹಿರಿಯ ಮಗಳು. ತಮ್ಮನಾದ ಬಸವರಸನಿಗೆ ಎಂಟು ವರ್ಷ ತುಂಬಲು ತಂದೆಯು ಉಪನಯನವನ್ನು ಮಾಡಲು ಉದ್ಯುಕ್ತನಾದನು. ಬಾಲಕನು ಒಲ್ಲೆನೆಂದನು.

ಈ ಪ್ರಸಂಗವನ್ನು ಕವಿಗಳು ಒಂದೇ ವಿಧವಾಗಿ ಹೇಳಿಲ್ಲ. ಹರಿಹರನ ರಗಳೆಯಲ್ಲಿ ಬಸವಣ್ಣನವರು ಪ್ರಾಯಕ್ಕೆ ಬಂದ ಮೇಲೆ ತಾವೇ ಜನಿವಾರವನ್ನು ತೆಗೆದೊಗೆದು ಸಂಗಮಕ್ಕೆ ತೆರಳುವರು. 1369ರಲ್ಲಿ ಭೀಮಕವಿಯು ರಚಿಸಿದ ಬಸವಪುರಾಣದಲ್ಲಿ ಬಾಲ್ಯದಲ್ಲಿಯೇ ಉಪನಯನವನ್ನು ನಿರಾಕರಿಸುವರು. ಅಕ್ಕನಿಗೆ ಇಲ್ಲದ ಸಂಸ್ಕಾರವು ತನಗೆ ಮಾತ್ರ ಏಕೆಂದು ಬಾಲಕನು ಹಿರಿಯರನ್ನು ಕೇಳಿದನೆಂಬುದು ಜನರ ಬಾಯಲ್ಲಿಯೂ ಮಠಗಳ ಪ್ರವಚನಗಳಲ್ಲಿಯೂ ನಡೆದು ಬಂದಿರುವ ಮಾತು. ಯಾವುದು ಹೇಗೆ ನಡೆಯಿತೆಂಬುದನ್ನು ಪಂಡಿತರು ವಿಚಾರಿಸಲಿ. ಬಸವಣ್ಣನವರು ಮುಂದೆ ಕಲ್ಯಾಣದಲ್ಲಿ ನಡೆಸಿದ ಕಾರ್ಯವನ್ನು ನೋಡಿದರೆ, ಜನರು ಹೇಳುವ ಕಾರಣವು ಅವರ ಸ್ವಭಾವಕ್ಕೆ ಚೆನ್ನಾಗಿ ಒಪ್ಪುವುದು.

ಇಲ್ಲಿ ನಮ್ಮ ಯುವಕರು ಒಂದು ಸಂಗತಿಯನ್ನು ಗಮನಿಸಬೇಕು. ಅಕ್ಕನಿಗೆ ಸಂಸ್ಕಾರವನ್ನು ಕೊಡಿಸುವ ಅಧಿಕಾರವು ಎಂಟು ವರ್ಷದ ಹುಡುಗನಿಗೆ ಇರಲಿಲ್ಲ; ತನಗೆ ಬಂದ ಮರ್ಯಾದೆಯನ್ನು ಬೇಡವೆನ್ನುವ ಅಧಿಕಾರವೊಂದೇ ಇದ್ದಿತು. ಅದನ್ನೇ ಅವನು ಉಪಯೋಗಿಸಿದನು. ಮೈಸೂರು ಸಂಸ್ಥಾನದಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸುವ ಕಾನೂನು 1894ರಲ್ಲಿಯೇ ಬಂದಿತು; 2006ರ ಕಾನೂನು 18 ವರ್ಷ ತುಂಬದ ಹೆಣ್ಣಿನ ವಿವಾಹವನ್ನು ನಿಷೇಧಿಸಿದೆ. ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೆ ನಮ್ಮ ರಾಜ್ಯದಲ್ಲಿ 1994ರಲ್ಲಿಯೂ, ದೇಶದಲ್ಲೆಲ್ಲಾ 2005ರಲ್ಲಿಯೂ ಹಕ್ಕು ದೊರೆಯಿತು. ಆದರೂ ಸೀರೆ ಕುಪ್ಪಸವನ್ನು ಕೊಟ್ಟು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಅಣ್ಣತಮ್ಮಂದಿರು ವಿಭೂತಿಯನ್ನು ಧರಿಸಿದವರಲ್ಲಿಯೂ ಉಂಟು. ತಂಗಿಯ ಓದನ್ನು ನಿಲ್ಲಿಸಿ ಉಳಿಸಿದ ಹಣದಿಂದ ತನಗೆ ಕೊಡಿಸುವ ಮೋಟಾರ್ ಸೈಕಲ್ಲನ್ನು ಬೇಡವೆನ್ನುವ ಹುಡುಗನು, ಬಸವ ಜಯಂತಿಯ ಮೆರವಣಿಗೆಯಲ್ಲಿ ಧ್ವಜ ಹಿಡಿದವನಿಗಿಂತ ಬಾಗೇವಾಡಿಯ ಬಾಲಕನಿಗೆ ಹೆಚ್ಚು ಹತ್ತಿರದವನೆಂದು ನಮ್ಮ ಅಭಿಪ್ರಾಯ.

ನಾಗಮ್ಮನವರೂ ತಮ್ಮನೊಡನೆ ತೌರುಮನೆಯನ್ನು ಬಿಟ್ಟು ಹೊರಟರೆಂದು ಪುರಾಣವು ಹೇಳುವುದು. ಹುಡುಗನು ಮನೆ ಬಿಟ್ಟರೆ ವೈರಾಗ್ಯವೆಂದು ಹೊಗಳುವರು. ಹೆಣ್ಣು ಬಿಟ್ಟರೆ ಲೋಕವು ಆಡುವ ಮಾತೇ ಬೇರೆ. ಆ ಮಾತಿಗೆ ಅಂಜದೆ ನಡೆದ ಧೈರ್ಯವು ತಮ್ಮನ ಧೈರ್ಯಕ್ಕಿಂತ ಕಡಿಮೆಯದೆಂದು ಹೇಳಲಾಗದು. ಶಿವದೇವರೆಂಬವರನ್ನು ವರಿಸಿ ಚನ್ನಬಸವಣ್ಣನವರಿಗೆ ತಾಯಿಯಾದರು.

ಬಿಜ್ಜಳನ ಕಾಲದಲ್ಲಿ ಬಸವಣ್ಣನವರು ಕಲ್ಯಾಣದಲ್ಲಿ ಭಂಡಾರಿಗಳಾಗಿದ್ದಾಗ ನಾಗಮ್ಮನವರು ಮಹಾಮನೆಯಲ್ಲಿ ಜಂಗಮ ದಾಸೋಹದಲ್ಲಿ ನಿರತರಾಗಿದ್ದರು. ದಾಸೋಹವೆಂದರೆ ಬರಿಯ ಅಡಿಗೆಯ ಕೆಲಸವೆಂದು ತಿಳಿಯಬಾರದು. ಬಸವಣ್ಣಪ್ರಿಯ ಚನ್ನಸಂಗಯ್ಯ ಎಂಬ ಅಂಕಿತದಲ್ಲಿ ಅವರು ವಚನಗಳನ್ನೂ ರಚಿಸಿರುವರು. ತಮ್ಮನು ಬೇಡವೆಂದ ದಾರವು ಗಂಡಸಿಗೆ ಮಾತ್ರ ಸಲ್ಲುತ್ತಿದ್ದಿತು. ಅದರ ಸ್ಥಾನದಲ್ಲಿ ಬಂದ ಇಷ್ಟಲಿಂಗವಾದರೋ ಹೆಣ್ಣಿಗೂ ಗಂಡಿಗೂ ಒಂದೇ. ಜನನ, ಮರಣ, ಜಾತಿ, ಉಚ್ಛಿಷ್ಟ, ರಜಸ್ಸು ಎಂಬ ಐದು ಸೂತಕಗಳು ಲಿಂಗಧಾರಿಗಳಿಗೆ ಇಲ್ಲವೆಂದು ಶರಣರು ಸಾರಿದರು. ಮುಟ್ಟಾದವರನ್ನೂ ಬಾಣಂತಿಯರನ್ನೂ ಊರ ಹೊರಗಿರಿಸುವ ರೂಢಿಯು ನಮ್ಮ ಸೀಮೆಯ ಕೆಲವು ಹಟ್ಟಿಗಳಲ್ಲಿ ಇರುವುದನ್ನು ಕಂಡು ನಾವು ಮರುಗುವೆವು. ಆದರೆ ಅದು ಬೇರೆಯವರ ರೂಢಿಯೆಂದು ಹೇಳಿ ಸುಮ್ಮನಾಗಲು ನಮಗೆ ಬಾಯಿಲ್ಲ. ರಜಸ್ಸೂತಕವನ್ನು ಕಳೆದ ಶರಣರ ಸಂತತಿಯೆಂದು ಹೇಳಿಕೊಳ್ಳುವ ಮನೆಗಳಲ್ಲಿಯೇ ಮೂರು ದಿನ ಹುಡುಗಿಯನ್ನು ಮೂಲೆಯಲ್ಲಿ ಕೂಡಿಸುವುದುಂಟು. ಇದನ್ನು ಪ್ರಶ್ನಿಸುವ ಹೆಣ್ಣುಮಕ್ಕಳು ಧರ್ಮವನ್ನು ಮೀರಿದವರಲ್ಲ, ಧರ್ಮವನ್ನು ನೆನಪಿಸುವವರು.

ಬ್ರಾಹ್ಮಣನಾದ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಶರಣರು ವಿವಾಹವನ್ನು ಮಾಡಿಸಲು, ಬಿಜ್ಜಳನು ಆ ಇಬ್ಬರು ತಂದೆಯರನ್ನೂ ಘೋರವಾಗಿ ಕೊಲ್ಲಿಸಿದನೆಂದು ಪ್ರಸಿದ್ಧಿ. 1167-68ರ ಸುಮಾರಿಗೆ ಕಲ್ಯಾಣವು ಅಲ್ಲೋಲಕಲ್ಲೋಲವಾಗಿ ಶರಣರು ದಿಕ್ಕು ದಿಕ್ಕಿಗೆ ಚದುರಿದರು. ಚನ್ನಬಸವಣ್ಣನವರೊಡನೆ ಉಳವಿಯ ಕಡೆಗೆ ಹೊರಟ ಸಮೂಹದಲ್ಲಿ ನಾಗಮ್ಮನವರೂ ಇದ್ದರು. ಬೆನ್ನಟ್ಟಿ ಬಂದ ಸೈನ್ಯದೊಡನೆ ಕಾದರವಳ್ಳಿಯಲ್ಲಿ ಕಾಳಗವಾಯಿತೆಂದು ಹೇಳುವರು. ಬಸವಣ್ಣನವರ ಪತ್ನಿಯಾದ ಗಂಗಾಂಬಿಕೆಯವರ ಐಕ್ಯಸ್ಥಳವು ಅದೇ ಪ್ರಾಂತದಲ್ಲಿ, ಮಲಪ್ರಭೆಯ ತೀರದ ಹುಬ್ಬಳ್ಳಿ ಎಂಬ ಊರಿನಲ್ಲಿರುವುದು. ತಮ್ಮನನ್ನೂ ನಾದಿನಿಯನ್ನೂ ಕಳೆದುಕೊಂಡು, ವಯಸ್ಸು ಸಂದ ಶರೀರದಿಂದ ಕಾಡುದಾರಿಯಲ್ಲಿ ನಡೆದ ಈ ತಾಯಿಯು ಉಳಿದ ಶರಣರಿಗೆ ಆಸರೆಯಾಗಿದ್ದರು. ಉಳವಿಯಲ್ಲಿ ಮಗನು ಲಿಂಗೈಕ್ಯನಾಗಲು, ಆ ದುಃಖವನ್ನೂ ನುಂಗಿಕೊಂಡು ದಕ್ಷಿಣಕ್ಕೆ ಬಂದು, ತರೀಕೆರೆಯ ಸಮೀಪದ ಎಣ್ಣೆಹೊಳೆಯಲ್ಲಿ ಲಿಂಗದಲ್ಲಿ ಬೆರೆದರೆಂದು ಪ್ರತೀತಿ. ಮಗನ ಗದ್ದುಗೆಯಿರುವ ಉಳವಿಗೆ ಪ್ರತಿವರ್ಷವೂ ಭಾರತ ಹುಣ್ಣಿಮೆಯ ಜಾತ್ರೆಗೆ ಭಕ್ತರು ಬಂಡಿಗಳನ್ನು ಕಟ್ಟಿಕೊಂಡು ಹೋಗುವರು. ತಾಯಿಯ ಗದ್ದುಗೆಯು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಉಳವಿಗಿಂತ ಎಷ್ಟೋ ಹತ್ತಿರವಾಗಿದ್ದರೂ, ಅದನ್ನು ದರ್ಶನ ಮಾಡಿ ಬಂದವರು ನಮ್ಮಲ್ಲಿ ಕಡಿಮೆ.