ಲೆಕ್ಕಕ್ಕೆ ಸೋತು ಹಕ್ಕಿಯಿಂದ ಗೆದ್ದವರು

ಪ್ರಥಮ ಪಿಯುಸಿ ಫಲಿತಾಂಶ ಬಂದಾಗ ನನಗೆ ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂದಿದ್ದವು. ಭೌತಶಾಸ್ತ್ರ, ರಸಾಯನಶಾಸ್ತ್ರದಲ್ಲಿ ಮಾತ್ರ ಪಾಸಾದದ್ದೇ ದೊಡ್ಡದು. ಮುಂದೆ ಬಿ.ಎಸ್ಸಿ. ಬೇಡ, ಬೇರೆ ಏನಾದರೂ ಓದು ಎಂದು ಅಬ್ಬಾ ಹೇಳಿದರು. ಅದೇ ವಾರ ಪಕ್ಷಿತಜ್ಞ ಡಾ. ಸಲೀಂ ಅಲಿ ಅವರ ಜೀವನ ಓದಿದೆ.

1896ರ ನವೆಂಬರ್ 12ರಂದು ಮುಂಬೈಯಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಅವರ ಮನೆಯಲ್ಲಿ ಬೆಳೆದರು. ಬಾಲಕನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಅದು ಯಾವ ಹಕ್ಕಿ ಎಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಹಕ್ಕಿಗಳ ಹುಚ್ಚು ಅಲ್ಲಿ ಹತ್ತಿತು.

1913ರಲ್ಲಿ ಮೆಟ್ರಿಕ್ ಹೇಗೋ ಪಾಸಾದರು. ಆದರೆ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಲಾಗರಿದಮ್ಮಿನಂಥ ಲೆಕ್ಕಗಳು ತಲೆಗೆ ಹತ್ತಲಿಲ್ಲ. ಓದು ಬಿಟ್ಟು ಮನೆತನದ ವ್ಯವಹಾರಕ್ಕೆ ಬರ್ಮಾಕ್ಕೆ ಹೋದರು. 1917ರಲ್ಲಿ ಮರಳಿದ ಮೇಲೆ ಫಾದರ್ ಬ್ಲಾಟರ್ ಅವರ ಒತ್ತಾಯದಿಂದ ಅದೇ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿತರು. ಆದರೂ ವಿಶ್ವವಿದ್ಯಾಲಯದ ಪದವಿ ಇಲ್ಲದ ಕಾರಣ ಸರ್ಕಾರದ ಪ್ರಾಣಿ ಸರ್ವೇಕ್ಷಣ ಇಲಾಖೆಯ ಕೆಲಸ ಕೈತಪ್ಪಿತು. 1926ರಲ್ಲಿ ವಸ್ತುಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ಆಮೇಲೆ ಬರ್ಲಿನ್‌ಗೆ ಹೋಗಿ ಪಕ್ಷಿಶಾಸ್ತ್ರ ಕಲಿತು ಬಂದರು. ಮರಳಿದಾಗ ಆ ಹುದ್ದೆಯೂ ಇರಲಿಲ್ಲ.

ಕೆಲಸವಿಲ್ಲದ 1930ರಲ್ಲಿ ಕಿಹಿಮ್ ಎಂಬ ಊರಿನಲ್ಲಿ ಕುಳಿತು ಗೀಜಗನ ಗೂಡುಗಳನ್ನು ದಿನಗಟ್ಟಲೆ ನೋಡಿದರು. ಗಂಡು ಅರ್ಧ ಗೂಡು ನೇಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಪೂರ್ತಿ ಮಾಡುತ್ತದೆ. ಆಮೇಲೆ ಇನ್ನೊಂದು ಗೂಡು ಶುರು ಮಾಡುತ್ತದೆ. ನಮ್ಮ ಹೊಲದ ಬಾವಿಯ ಮೇಲೆ ಬಾಗಿದ ಜಾಲಿಗಿಡದಲ್ಲಿ ಅರ್ಧಕ್ಕೇ ನಿಂತ ಗೂಡುಗಳೇಕೆ ಇರುತ್ತವೆ ಎಂದು ಆಗ ನನಗೆ ತಿಳಿಯಿತು!

ಮುಂದೆ ಅವರು ನಿಜಾಮರ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ ಮಾಡಿದರು. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಆಗ ಅದೇ ಸಂಸ್ಥಾನದ ಕಲಬುರಗಿ ಸೀಮೆಯವು. 1941ರಲ್ಲಿ ಭಾರತದ ಹಕ್ಕಿಗಳ ಕುರಿತ ಅವರ ಹೆಸರಾಂತ ಪುಸ್ತಕ ಬಂತು. 1976ರಲ್ಲಿ ಪದ್ಮವಿಭೂಷಣ ಸಿಕ್ಕಿತು. 1987ರ ಜೂನ್ 20ರಂದು ತೀರಿಕೊಂಡರು.

ಅವರ ಬದುಕಿನಿಂದ ನಾನು ಎರಡು ಮಾತು ಕಲಿತೆ. ಒಂದು ವಿಷಯ ಕಷ್ಟವೆಂದು ಇಡೀ ವಿಜ್ಞಾನವನ್ನೇ ಬಿಡಬಾರದು. ಹಾಗೆಯೇ ಪದವಿಯನ್ನೂ ಬಿಡಬಾರದು. ಅದಿಲ್ಲದೆ ಅವರಂಥವರೂ ಬಾಗಿಲ ಹೊರಗೆ ನಿಂತರು. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರದ ಜೊತೆ ಬಹಳ ಕಡೆ ರಸಾಯನಶಾಸ್ತ್ರವೂ ಇರುತ್ತದೆ. ಅದಕ್ಕೇ ದಿನಕ್ಕೊಂದು ಗಂಟೆ ಅದನ್ನೇ ಓದುತ್ತಿದ್ದೇನೆ. ಅಬ್ಬಾ ಒಪ್ಪಿದ್ದಾರೆ. ಗೆಳೆಯರೇ, ನೀವೂ ಪ್ರವೇಶಕ್ಕೆ ಮುಂಚೆ ಯಾವ ಕಾಲೇಜಿನಲ್ಲಿ ಯಾವ ಮೂರು ವಿಷಯ ಸಿಗುತ್ತವೆ ಎಂದು ಉಪನ್ಯಾಸಕರನ್ನು ಕೇಳಿರಿ.